ಕಳೆದ ಎರಡು ವಾರದಲ್ಲಿ

"ಏಯ್ ತಾಕಾ! ನಿನ್ ಮಗನ್ ಹೇಲಿನ್ ವಾಸ್ನೆ ರಸ್ತೆಗಂಟ ಬತ್ತಾ ಐತಲ್ಲೇ! ನಾಕು ಜನ ಬರೋ ದಿನ್ವೇ ಈ ಗಬ್ಬು ಎಬ್ಬಿಸ್ಕಂಡು ಕೂತಿದೀಯಾ, ಮುಂಡೇದೇ?"

ಹಾಗೆ ಅಂದವನು ಒಡುವೋರಿ, ನಮ್ಮೂರು ನಮುಲೆಗೆ ಸರ್ಕಾರ ನೇಮಿಸಿದ ಸಹಾಯಕ ಮುಖ್ಯಸ್ಥ. ಖಾಕಿ ಅಂಗಿ, ಕಂಕುಳಲ್ಲಿ ಬೆತ್ತ. ಬೇಲಿಯ ಮೇಲೆ ನಾನು ಒಣಹಾಕಿದ್ದ ಬಟ್ಟೆ ಚೂರುಗಳನ್ನೆಲ್ಲ ಬೆತ್ತದ ತುದಿಯಿಂದ ಎತ್ತಿ ಎತ್ತಿ ಮಣ್ಣಿಗೆ ಹಾಕಿದ. ಬೆಳಗಿನಿಂದ ಅವನ್ನು ಒಗೆದು ಒಗೆದು ನನ್ನ ಬೆರಳು ನೆನೆದು ಸುಕ್ಕಾಗಿದ್ದವು. ಒಳಗೆ ನನ್ನ ಎರಡು ವರ್ಷದ ಮಗ ಮುಗೇನಿ ಚಾಪೆ ಮೇಲೆ ಬಿದ್ದಿದ್ದ. ಭೇದಿ ಶುರುವಾಗಿ ಎರಡು ದಿನ.

"ಅಯ್ಯಾ, ಮಗೀಗೆ ಹುಷಾರಿಲ್ಲ" ಅಂದೆ.

"ಹಂಗಂತ ಆ ಪ್ರಶ್ನೆ ಕೇಳೋಳ ಮುಂದೆ ಬಾಯ್ ಬಿಟ್ಟೀಯ, ಜೋಕೆ! ಹೊಳೆ ಆಚೆ ಬುಕಾನಿಯೋರ್ಗೆ ಔಷಧಿ ಪೀಪಾಯಿ ಯಾಕ್ ಸಿಕ್ತು? ಅವ್ರು ಚೊಕ್ಕಟ್ವಾಗವ್ರೆ. ನೀವು? ತಿಪ್ಪೇಲಿ ಹೊರಳಾಡೋ ನಾಯ್ಗಳು. ಈ ಸಲ ನಮ್ಮೂರಲ್ಲಿ ಯಾರ್ಗೂ ಭೇದಿ ಇಲ್ಲ ಅಂದ್ರೆ ಮುಂದಿನ್ ಪೀಪಾಯಿ ನಮ್ಗೆ. ಒಬ್ಬಳು ಬಾಯ್ ಬಿಟ್ರೂ ಊರಿಗೆಲ್ಲಾ ಮಣ್ಣು. ಆ ಕೂಸ್ನ ಎಲ್ಲಾದ್ರೂ ಮರೆ ಮಾಡು, ನಡಿ."

ಅವನೊಬ್ಬನದೇ ತಪ್ಪು ಅನ್ನಲಾರೆ. ಎರಡು ವರ್ಷದ ಹಿಂದೆ ನೀರಿನ ರೋಗದ ಅಧ್ಯಯನ ಮಾಡುವವರು ಬಂದು ಊರೂರಿನ ಹೆಸರನ್ನು ಚೀಟಿಯಲ್ಲಿ ಬರೆದು ಬಕೆಟ್ಟಿಗೆ ಹಾಕಿ, ನಮ್ಮ ಕಣ್ಣೆದುರೇ ಎತ್ತಿದ್ದರು. ಚೀಟಿ ಬಂದದ್ದು ಬುಕಾನಿಗೆ, ಅಲ್ಲಿಯ ಒರತೆಯ ಪಕ್ಕ ನೀಲಿ ಪೀಪಾಯಿ ನೆಟ್ಟರು. ಅದರ ತಿರುಗಣೆ ತಿರುಗಿಸಿದರೆ ಒಂದು ಅಳತೆ ಔಷಧಿ ಕೊಡಕ್ಕೆ ಬೀಳುತ್ತದೆ, ನೀರಿನ ರೋಗ ಸಾಯುತ್ತದೆ. ನಮಗೆ ಪೀಪಾಯಿ ಇಲ್ಲ, ಬರೀ ಪ್ರಶ್ನೆ. ಪೀಪಾಯಿ ಇದ್ದವರಿಗೂ ಇಲ್ಲದವರಿಗೂ ಏನು ವ್ಯತ್ಯಾಸ ಅಂತ ನೋಡಬೇಕಂತೆ. ನಮ್ಮವರು ಹೊಳೆ ದಾಟಿ ಕೊಡ ಇಟ್ಟರೆ ಆಚೆಯ ಹೆಂಗಸರು ಒದ್ದು ಉರುಳಿಸುತ್ತಿದ್ದರು. ನಮಗೆ ಕೊಟ್ಟರೆ ಅಧ್ಯಯನದವರು ಅವರದ್ದನ್ನೂ ಕಿತ್ತುಕೊಂಡು ಹೋಗುತ್ತಾರೆ ಅಂತ ಒಡುವೋರಿ ಅಲ್ಲೂ ಹೋಗಿ ಹೆದರಿಸಿ ಬಂದಿದ್ದ.

ಒಬ್ಬಾಕೆ ಮೂರು ತಿಂಗಳಿಗೊಮ್ಮೆ ಮನೆ ಬಾಗಿಲಿಗೆ ಬಂದು ಅವವೇ ಪ್ರಶ್ನೆ ಕೇಳಿದರೆ ಅದು ಪರೀಕ್ಷೆಯಲ್ಲದೆ ಇನ್ನೇನು? ಶಾಲೆಯ ಮುಖ ಕಂಡವರೆಲ್ಲ ಹಾಗೆಯೇ ತಿಳಿದೆವು. ಚೀಟಿ ಎತ್ತಿದ್ದು ಮರೆತೇ ಹೋಯಿತು. ಸರಿಯಾದ ಉತ್ತರ ಹೇಳಿದರೆ ಪಾಸು, ಪಾಸಾದರೆ ಪೀಪಾಯಿ. ಅದು ಬಂದರೆ ನನ್ನ ಮಗ ಉಳಿಯುತ್ತಾನೆ ಅಂತ ನಾನು ನಂಬಿದ್ದೆ.

ಅತ್ತೆ ಮುಗೇನಿಯನ್ನು ಎತ್ತಿಕೊಂಡು ಹಿಂದಿನ ಮರಗೆಣಸಿನ ಹೊಲಕ್ಕೆ ಹೋದಳು. ಹತ್ತು ಗಂಟೆಗೆ ಎವರ್ಲಿನ್ ಬಂದಳು. ಪೇಟೆಯ ಹುಡುಗಿ, ಮೆತ್ತನೆ ಮಾತು, ಹೆಗಲಿಗೆ ಚೀಲ, ಕೈಯಲ್ಲಿ ಟ್ಯಾಬ್. ನಾನು ಸ್ಟೂಲು ಒರೆಸಿ ಕೊಟ್ಟೆ.

"ಮುಗೇನಿ ತಾಯೀ, ಚೆನ್ನಾಗಿದ್ದೀರಾ? ಐದು ವರ್ಷದೊಳಗಿನ ಮಕ್ಕಳು ಎಷ್ಟು?"

"ಒಬ್ಬ."

"ಎಲ್ಲಿ, ಕಾಣಿಸ್ತಿಲ್ಲ?"

"ಅಜ್ಜಿ ಜೊತೆ ಹೋಗವ್ನೆ. ಅಜ್ಜಿ ಸೆರಗು ಬಿಡಾಕಿಲ್ಲ ಅವ್ನು."

"ಕಳೆದ ಎರಡು ವಾರದಲ್ಲಿ ಮಗುವಿಗೆ ಭೇದಿ ಆಗಿತ್ತಾ?"

ಹೊಲದ ಕಡೆಯಿಂದ ಅವನು ನರಳಿದ್ದು ಕೇಳಿಸಿತು. ಎವರ್ಲಿನ್ ಕತ್ತೆತ್ತಿದಳು.

"ಮೇಕೆ ಮರಿ" ಅಂದೆ. "ಭೇದಿ ಗೀದಿ ಏನೂ ಇಲ್ಲ ಕಣವ್ವ. ಗುಂಡಗವ್ನೆ."

ಅವಳು ಒಂದು ಗುಂಡಿ ಒತ್ತಿ, ಥ್ಯಾಂಕ್ಸ್ ಹೇಳಿ, ಒಂದು ಕಟ್ಟು ಸೋಪು ಕೊಟ್ಟು ಎದ್ದಳು. ಅವಳು ಬೇಲಿ ದಾಟುವಾಗ ನನಗೆ ಹೆಮ್ಮೆಯಾಗಿತ್ತು. ಈಗ ಅದನ್ನು ನೆನೆದರೆ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸುತ್ತದೆ.

ಮಾರನೇ ದಿನ ಮಧ್ಯಾಹ್ನ ಆಸ್ಪತ್ರೆಗೆ ಅಂತ ಬೈಕಿನ ಹಿಂದೆ ಕೂತಿದ್ದೆ. ಡಾಂಬರು ರಸ್ತೆ ಸಿಗುವ ಮೊದಲೇ ಮುಗೇನಿ ನನ್ನ ಎದೆಗೆ ಒರಗಿಕೊಂಡು ಸುಮ್ಮನಾದ. ಬೈಕಿನವನಿಗೆ ಹೇಳಲಿಲ್ಲ. ಇನ್ನೂ ಸ್ವಲ್ಪ ದೂರ ಹೋಗಲಿ, ಜೀವ ಬರಬಹುದು ಅಂತ ಕೂತೇ ಇದ್ದೆ. ಮನೆಯಲ್ಲಿ ಬೇರೆ ಸೋಪಿರಲಿಲ್ಲ. ಎವರ್ಲಿನ್ ಕೊಟ್ಟ ಸೋಪಿನಲ್ಲೇ ಅವನ ಮೈ ತೊಳೆದು, ಮನೆ ಮುಂದಿನ ಬಾಳೆಯ ಪಕ್ಕ ಮಣ್ಣು ಮಾಡಿದೆವು.

ಮೂರು ತಿಂಗಳಿಗೆ ಜೀಪು ಬಂತು. ಈ ಸಲ ಎವರ್ಲಿನ್ ಜೊತೆ ಅವಳ ಮೇಲಿನವನು ಕಿಮಾನಿಯೂ ಇದ್ದ. ಮಾವಿನ ಮರದಡಿ ಊರವರನ್ನೆಲ್ಲ ಕೂರಿಸಿದರು. ಒಡುವೋರಿ ಕುರ್ಚಿ ತರಿಸಿ, ತನ್ನ ಕರ್ಚೀಫಿನಿಂದ ಒರೆಸಿ ಕಿಮಾನಿಗೆ ಕೊಟ್ಟ. ಅವನು ಕೂರಲಿಲ್ಲ.

"ಪೀಪಾಯಿ ಇರೋ ಬುಕಾನಿಗಿಂತ ಏನೂ ಇಲ್ಲದ ನಿಮ್ಮೂರಲ್ಲೇ ಭೇದಿ ಕಮ್ಮಿಯಂತೆ! ಹೇಗ್ರೀ? ನಿಮ್ಮ ಒರತೆ ನೀರು ಪರೀಕ್ಷೆ ಮಾಡಿಸಿದ್ದೀನಿ, ಅದರಲ್ಲಿ ಹೇಲಿದೆ. ನೀವು ಸುಳ್ಳು ಹೇಳಿದ್ದೀರಿ, ಒಬ್ಬರೂ ಬಿಡದೆ. ದುಡ್ಡು ಕೊಡೋರು ಈಗ ಏನಂತಾರೆ ಗೊತ್ತಾ? ಆ ಔಷಧಿಯಿಂದ ಏನೂ ಪ್ರಯೋಜನ ಇಲ್ಲ, ನಿಲ್ಲಿಸಿಬಿಡಿ ಅಂತಾರೆ. ಇಲ್ಲಿ ಮಾತ್ರ ಅಲ್ಲ, ಎಲ್ಲಾ ಕಡೆ. ನಿಮ್ಮಂಥವರಿಗೆ ಒಳ್ಳೇದು ಮಾಡೋಕೆ ಬಂದಿದ್ದೇ ನಮ್ಮ ತಪ್ಪು."

ಪಕ್ಕದ ಮನೆಯ ಅಜಿಯಾಂಬೊ ಎದ್ದು ನಿಂತಳು. ಅವಳು ಯಾರಿಗೂ ಸೊಪ್ಪು ಹಾಕುವವಳಲ್ಲ. "ಸುಳ್ಳು ಹೇಳಿ ಅಂತ ಬೆತ್ತ ಹಿಡ್ಕಂಡು ಮನೆಮನೆಗ್ ಬಂದೋನು ನಿನ್ ಮಗ್ಗುಲಾಗೇ ನಿಂತವ್ನೆ, ಅವ್ನ್ ಕೇಳಪ್ಪಾ!"

"ಲೇ ಸೂಳೆಮುಂಡೆ, ಕೂತ್ಕಳೇ!" ಅಂದ ಒಡುವೋರಿ. "ನಾನ್ ಹೇಳಿದ್ದು ಚೊಕ್ಕಟ್ವಾಗಿರಿ ಅಂತ, ಅಷ್ಟೇ ಸಾರ್. ಈ ಜನಕ್ಕೆ ಬುದ್ಧಿ ಎಲ್ಲೈತೆ?"

ಎವರ್ಲಿನ್ ತಲೆ ತಗ್ಗಿಸಿಕೊಂಡಿದ್ದಳು. "ಒಬ್ಬರಾದರೂ ಹೌದು ಅಂದಿದ್ರೆ..." ಅಂದಳು, ಅರ್ಧ ತನಗೇ ಹೇಳಿಕೊಂಡಂತೆ. "ಭೇದಿ ಆಗಿದೆ ಅಂದ ತಕ್ಷಣ ಉಪ್ಪು-ಸಕ್ಕರೆ ಪುಡಿ ಕೊಡಬೇಕು, ಜಾಸ್ತಿಯಾಗಿದ್ರೆ ಜೀಪಲ್ಲೇ ಆಸ್ಪತ್ರೆಗೆ ಕಳಿಸ್ಬೇಕು ಅಂತ ನಿಯಮಾನೇ ಇದೆ. ಚೀಲದಲ್ಲಿ ಇಟ್ಕೊಂಡೇ ಓಡಾಡ್ತೀನಿ. ಮೊದಲೇ ಹೇಳಿದ್ರೆ ಜನ ಅದಕ್ಕೋಸ್ಕರ ಹೌದು ಅಂತಾರೆ ಅಂತ ನಾವು ಹೇಳೋ ಹಾಗಿರ್ಲಿಲ್ಲ..."

ಅವಳು ಇನ್ನೂ ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ಆ ಚೀಲ ಆವತ್ತು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಒಂದು ಹೌದು ಅಂದಿದ್ದರೆ ಸಾಕಿತ್ತು.

ಮತ್ತೆ ಮೊದಲಿಂದ ಪ್ರಶ್ನೆ ಶುರುವಾಯಿತು. ಈ ಸಲ ನಿಜ ಹೇಳಬೇಕು ಅಂತ ಕಿಮಾನಿಯ ಕಟ್ಟಪ್ಪಣೆ. ಸರತಿಯಲ್ಲಿ ನಿಂತು ನನ್ನ ಪಾಳಿಗೆ ಎವರ್ಲಿನ್ ಎದುರು ಕೂತೆ.

"ಐದು ವರ್ಷದೊಳಗಿನ ಮಕ್ಕಳು?"

"ಮುಗೇನಿ."

ಅವಳಿಗೆ ಯಾರೋ ಹೇಳಿದ್ದರು ಅಂತ ಕಾಣುತ್ತದೆ. ನನ್ನ ಮುಖ ನೋಡಲಾರದೆ ಟ್ಯಾಬ್ ನೋಡಿದಳು. "ಈಗ ಮನೆಯಲ್ಲಿರೋ ಮಕ್ಕಳು ಅಕ್ಕಾ."

"ಭೇದಿ ಆಗಿತ್ತು, ಬರ್ಕೋ. ಅವತ್ತು ಸುಳ್ಳು ಹೇಳ್ದೆ. ಈಗ ನಿಜ ಹೇಳ್ತಿವ್ನಿ."

"ಕಳೆದ ಎರಡು ವಾರದಲ್ಲಿ ಆಗಿದ್ದು ಮಾತ್ರ ಬರೆಯೋಕೆ ಬರುತ್ತೆ. ಮೂರು ತಿಂಗಳ ಹಿಂದಿಂದಕ್ಕೆ ಇದರಲ್ಲಿ ಜಾಗ ಇಲ್ಲ. ಮಕ್ಕಳಿಲ್ಲ ಅಂತ ಒತ್ತಿದ್ರೆ ಇಲ್ಲಿಗೇ ಮುಗಿಯುತ್ತೆ."

"ಒತ್ಬೇಡ."

"ಅಕ್ಕಾ, ಹಿಂದೆ ಇನ್ನೂ ಮೂವತ್ತು ಮನೆ ಇದೆ."

ಒತ್ತಿದಳು. ಒತ್ತುವಾಗ ಅವಳ ಕಣ್ಣಲ್ಲಿ ನೀರಿತ್ತು, ಅದನ್ನೂ ನೋಡಿದೆ. ಪಕ್ಕದಲ್ಲಿ ಸೋಪಿನ ಕಟ್ಟು ಇಟ್ಟಳು. ನಾನು ಮುಟ್ಟಲಿಲ್ಲ.

ಸಂಜೆ ಅವರು ಹೊರಟಾಗ ನಾನು ಜೀಪಿನ ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು ಕೂತಿದ್ದೆ. ಡ್ರೈವರು ಹಾರ್ನ್ ಹೊಡೆದ. ಒಡುವೋರಿ ಓಡಿ ಬಂದು ನನ್ನ ರಟ್ಟೆ ಹಿಡಿದು ಎಳೆದ.

"ಮಾನ ಮರ್ಯಾದೆ ಐತೇನೇ ನಿಂಗೆ? ಏಳೇ! ನಿನ್ನೊಬ್ಬಳ್ ಕೂಸೇನಾ ಸತ್ತಿರೋದು?"

"ಅಲ್ಲ" ಅಂದಳು ಅಜಿಯಾಂಬೊ. ಬಂದು ನನ್ನ ಪಕ್ಕ ಕಾಲು ಚಾಚಿ ಕೂತಳು. ಹೋದ ವರ್ಷ ಅವಳ ಮಗಳೂ ಹೀಗೆಯೇ ಹೋಗಿದ್ದಳು. ಅವಳನ್ನು ಕಂಡು ಇನ್ನಿಬ್ಬರು ಬಂದು ಕೂತರು.

ಕಿಮಾನಿ ಗಾಜು ಇಳಿಸಿದ. "ನೋಡಮ್ಮಾ, ನಿಮ್ಮ ದುಃಖ ಅರ್ಥ ಆಗುತ್ತೆ. ಆದ್ರೆ ಅದನ್ನ ಹಾಕೋಕೆ ಯಂತ್ರದಲ್ಲಿ ಜಾಗ ಇಲ್ಲ."

"ಯಂತ್ರ ಒಳಗಿಡಪ್ಪಾ. ಕಾಗ್ದ ತಗೋ. ಕಾಗ್ದ ಇಲ್ದಿದ್ರೆ ಕೈ ಮೇಲೆ ಬರ್ಕೋ" ಅಂದೆ. "ಹೌದು ಅಂದೋರ್ನ ನಿಮ್ ಹುಡ್ಗಿ ಎಷ್ಟ್ ಸಲ ಅಂತ ಕೇಳ್ತಾಳಲ್ಲ. ಅವನ್ ಬಟ್ಟೆ ಒಗೆದೋಳು ನಾನು, ನಂಗೆ ಗೊತ್ತು. ಮೂವತ್ತೇಳು ಸಲ. ಒಂದೊಂದಾಗಿ ಹೇಳ್ತೀನಿ."

ಎವರ್ಲಿನ್ ಜೀಪಿನಿಂದ ಇಳಿದು ನಿಂತಳು. ಅವಳ ಕೈಯಲ್ಲಿ ಪೆನ್ನಿತ್ತು. ಬರೆಯುತ್ತಾಳೋ ಇಲ್ಲವೋ ಗೊತ್ತಾಗಲಿಲ್ಲ. ನಾನು ಮೊದಲನೆಯದರಿಂದ ಶುರು ಮಾಡಿದೆ. ಭಾನುವಾರ, ಕೋಳಿ ಕೂಗುವ ಹೊತ್ತು, ನನ್ನ ಮಡಿಲಲ್ಲೇ. ಎರಡನೆಯದು ಗಂಜಿ ಕುಡಿಸಿದ ಮೇಲೆ. ಮೂರನೆಯದಕ್ಕೆ ಅವನು ನಕ್ಕಿದ್ದ, ಗಲೀಜು ಮಾಡಿದೆನಲ್ಲ ಅಂತ.

ಹನ್ನೊಂದನೆಯದಕ್ಕೆ ಬಂದಾಗ ಡ್ರೈವರು ಇಂಜಿನ್ ಶುರು ಮಾಡಿದ. ಬೆನ್ನ ಹಿಂದೆ ಚಕ್ರ ನಡುಗಿತು.

"ಹನ್ನೆರಡು" ಅಂದೆ.