ಬೆಲ್ಲದ ನೀರು

೨೦೨೫ ಏಪ್ರಿಲ್ ೧೩, ರವಿವಾರ, ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತು ನಿಮಿಷ — ಯಂತ್ರ ಗುಂಯ್‌ಗುಡುತ್ತಿದೆ, ಒಳಗೆ ಸುಭಾಸನ ರಕ್ತ, ಇನ್ನೆರಡು ನಿಮಿಷ, ಅಳ್ನಾವರದ ಈ ಸಣ್ಣ ಆಸ್ಪತ್ರೆಯ ಲ್ಯಾಬಿನಲ್ಲಿ ಶೈಲಾ ಎಷ್ಟು ಜನರ ರಕ್ತ ನೋಡಿಲ್ಲ, ತಮ್ಮನದು ಮಾತ್ರ ಇದೇ ಮೊದಲು, ಅವಳು ಮುಜಫರನನ್ನು ಮದುವೆಯಾದಂದಿನಿಂದ ಮೂರು ವರ್ಷ ಮುಖ ತೋರಿಸದವನು, ಬೆಳಿಗ್ಗೆ ಗೋವಾದ ಗಾಡಿ ಇಳಿದು ನೇರ ಮನೆಗೆ ಬಂದ, ಬಂದವನೇ ಮುಜಫರನನ್ನು ತಬ್ಬಿಕೊಂಡ, ಮಾವಾ, ನಂದ ತಪ್ಪಾತ್ರಿ, ನೀವಂದ್ರ ನನಗ ಜೀವ — ಹೀಗೆ ಮಾತಾಡುವವನೇ ಅಲ್ಲ ಅವನು, ದವಡೆ ಯಾಕೆ ಮಸೆಯುತ್ತಿದ್ದ, ಅಷ್ಟು ಬಿಸಿಲಲ್ಲೂ ಕಣ್ಣಪಾಪೆ ಯಾಕಷ್ಟು ಅಗಲ, ಆಗಲೇ ಕೇಳಬೇಕಿತ್ತು, ಕೇಳಲಿಲ್ಲ, ಅತ್ತೆ ಮಲಿಕಾಬಿ ಖುಷಿಗೆ ಅಳುತ್ತಿದ್ದರು, ಸೊಸೆಯ ತವರಿನವರೊಬ್ಬರು ಕಡೆಗೂ ಹೊಸ್ತಿಲು ದಾಟಿದರೆಂದು ಬೆಲ್ಲ ಕರಗಿಸಿ ತಂಬಿಗೆ ತುಂಬಿ ಕೊಟ್ಟರು, ಕುಡಿಯಪ್ಪಾ, ಬಿಸಲಾಗ ಬಂದೀ, ಅವನು ಕುಡಿದ, ಇನ್ನೊಂದು, ಮತ್ತೊಂದು, ಬೇಡವೆಂದರೆ ಈ ಮನೆಯ ನೀರು ಒಲ್ಲೆನೆಂದ ಹಾಗೆ, ಐದನೆಯ ತಂಬಿಗೆಗೆ ಮುಜಫರ್ ನಕ್ಕ, ಏನೋ ತಮ್ಮಾ, ಹೊಟ್ಟ್ಯಾಗ ಕೆರಿ ಕಟ್ಟಾಕತ್ತೀ ಏನು, ತಂಬಿಗೆಯ ಅಂಚಿಗೆ ಅವನ ಹಲ್ಲು ಟಕಟಕ ಬಡಿಯುತ್ತಿತ್ತು — ಆಮೇಲೆ ತಲೆನೋವು, ವಾಂತಿ, ನೀ ಯಾರ ಬೇ ಎಂದು ಅಕ್ಕನನ್ನೇ ಕೇಳಿದ, ಬಿಸಿಲು ಬಡಿದಿದೆ ಅಂದರು ಎಲ್ಲರೂ, ಇಲ್ಲಿಗೆ ತಂದರು, ರಕ್ತ ಯಂತ್ರಕ್ಕಿಟ್ಟು ಅವಳು ಅವನ ಚೀಲ ತಡಕಿದಳು, ಗುಲಾಬಿ ಬಣ್ಣದ ಅರ್ಧ ಗುಳಿಗೆ, ರಾತ್ರಿಯಿಡೀ ಕುಣಿಯುವವರು ನುಂಗುವುದು, ಅದು ಮೆದುಳಿನ ಬುಡದಿಂದ ಹಾರ್ಮೋನುಗಳನ್ನು ಹರಿಬಿಡುತ್ತದೆ, ಒಂದು ಆಕ್ಸಿಟೋಸಿನ್, ಎದುರಿಗಿದ್ದವರೆಲ್ಲ ತನ್ನವರೇ ಅನ್ನಿಸುವುದರಲ್ಲಿ ಅದರ ಕೈಯಿದೆ ಅನ್ನುತ್ತಾರೆ, ಇನ್ನೊಂದು ವಾಸೋಪ್ರೆಸಿನ್, ಮೂತ್ರಪಿಂಡ ನೀರು ಹೊರಬಿಡದಂತೆ ತಡೆಯುತ್ತದೆ, ಕುಡಿದದ್ದೆಲ್ಲ ಒಳಗೇ ಉಳಿದು ರಕ್ತದ ಉಪ್ಪು, ಸೋಡಿಯಂ, ತೆಳುವಾಗುತ್ತದೆ, ಮೆದುಳು ಊದುತ್ತದೆ, ತಬ್ಬಿಕೊಂಡದ್ದು ತಮ್ಮನೋ ಗುಳಿಗೆಯೋ — ತಂಬಿಗೆಯ ಅಂಚಿಗೆ ಹಲ್ಲು — ಅವಳು ಬಾಗಿಲು ತೆರೆದು ನರ್ಸನ್ನು ಕೂಗಿದಳು, ತಬಸುಮ್, ಅವನ ಬಾಯಿಗೆ ಒಂದ ಹನಿ ನೀರೂ ಹಾಕಬ್ಯಾಡ, ನಶೆ ಗುಳಗಿ ನುಂಗ್ಯಾನ ಅಂತ ಡಾಕ್ಟರಿಗೆ ಈಗ ಹೇಳ, ಹೊರಗಿನ ಬೆಂಚಿನಲ್ಲಿ ಕೂತಿದ್ದ ಮುಜಫರ್ ಎದ್ದು ನಿಂತ, ಹಂಗಾರ ಮುಂಜಾನಿ ತಪ್ಪಾತು ಅಂದದ್ದು, ಶೈಲಾ, ಅವಾ ಅಂದದ್ದಲ್ಲೇನು, ಅವಳು ಯಂತ್ರದತ್ತ ತಿರುಗಿದಳು, ಸೋಡಿಯಂ ನೂರಾ ಮೂವತ್ತೈದು ಇರಲಿ, ಆರೋಗ್ಯವಂತರಿಗೆ ಇರಬೇಕಾದಷ್ಟು, ಅದರ ಮೇಲೆ ಒಂದಾದರೂ ಇರಲಿ, ಆಗ ಇದು ಬರೀ ಬಿಸಿಲು, ಆಗ ತಮ್ಮ ಬದುಕುತ್ತಾನೆ, ತಪ್ಪಾತ್ರಿ ಅಂದದ್ದೂ ಅವನದೇ ಮಾತು, ಹಲ್ಲು, ತಂಬಿಗೆ, ಟಕಟಕ, ಪರದೆ ಬೆಳಗಿತು, ಹಲ್ಲು, ತಂಬಿಗೆ — ಸೋಡಿಯಂ ೧೧೮.