ಹಲ್ಲಿಲ್ಲದ ಅಜ್ಜಿಯ ಹಸಿವು

ಅಂಗಳದ ನಿಂಬೆಗಿಡ ದಿನದಿನಕ್ಕೆ ಹಳದಿಯಾಗುತ್ತಿತ್ತು. ಅದೂ ಆ ಬೀದಿಯಲ್ಲೇ ಅತ್ಯಂತ ಚೊಕ್ಕಟವಾದ ಅಂಗಳದಲ್ಲಿ.

ಆ ಮನೆಯ ಹಿರಿಯರು ಮೂವತ್ತೆರಡು ವರ್ಷ ಆಸ್ಪತ್ರೆಯ ವಾರ್ಡುಗಳನ್ನು ತೊಳೆದು ನಿವೃತ್ತರಾದವರು. ಕಣ್ಣಿಗೆ ಕಾಣದ ಶತ್ರು ನೆಲದಲ್ಲೇ ಹೊಂಚು ಹಾಕಿರುತ್ತಾನೆಂಬುದು ಬದುಕು ಅವರಿಗೆ ಕಲಿಸಿದ ಪಾಠ. ಕೆಲಸ ಮುಗಿದರೂ ಕೈಗೆ ಬಿಡುವಿರಲಿಲ್ಲ. ಬೆಳಗಾದರೆ ಒಂದು ಎಲೆಯೂ ಉಳಿಯದಂತೆ ಗುಡಿಸುವರು, ಬಕೆಟ್ ನೀರಿಗೆ ಫಿನಾಯಿಲ್ ಬೆರೆಸಿ ಅಂಗಳ ತೊಳೆಯುವರು. ಬೀದಿಯ ಮಕ್ಕಳು ಅವರಿಗೆ ‘ಫಿನಾಯಿಲ್ ತಾತ’ ಎಂದು ಹೆಸರಿಟ್ಟಿದ್ದರು. ತಾತನಿಗೆ ಅದು ಬಿರುದಿನಂತೆ ಕೇಳಿಸುತ್ತಿತ್ತು.

ನಿಂಬೆಗಿಡ ಅವರ ತಾಯಿ ನೆಟ್ಟದ್ದು. ತಾಯಿಯ ಒಂದು ಫೋಟೋ ಕೂಡ ಇರಲಿಲ್ಲ. ಉಳಿದ ಗುರುತೆಂದರೆ ಆ ಗಿಡವೊಂದೇ. ಎರಡು ವರ್ಷದಿಂದ ಕಾಯಿ ಕಂಡಿರಲಿಲ್ಲ. ಮರ ಕಡಿಯುವವನು ಬಂದು, ಒಂದು ರೆಂಬೆ ಮುರಿದು ನೋಡಿ, ಬರುವ ಬೇಸಿಗೆ ದಾಟುವುದು ಅನುಮಾನ ಎಂದು ಹೇಳಿ ಹೋಗಿದ್ದ. ಅಂದಿನಿಂದ ತಾತನಿಗೆ ಊಟ ರುಚಿಸಲಿಲ್ಲ. ಗಿಡಕ್ಕೆ ಸೋಂಕು ತಗುಲಿರಬೇಕೆಂದು ಬಗೆದು, ಫಿನಾಯಿಲನ್ನು ಇನ್ನೊಂದು ಮುಚ್ಚಳ ಹೆಚ್ಚಿಸಿದರು.

ಕಸದ ಗಾಡಿ ತಳ್ಳಿಕೊಂಡು ಬರುವ ಹೆಂಗಸನ್ನು ಬೀದಿಯೆಲ್ಲ ‘ಗಾಡಿಯಕ್ಕ’ ಎಂದು ಕರೆಯುತ್ತಿತ್ತು. ಗಿಡಕ್ಕೆ ಗೊಬ್ಬರ ಬೇಕು, ಸಿಪ್ಪೆಗಳನ್ನು ನನ್ನ ಗಾಡಿಗೆ ಹಾಕಬೇಡಿ, ಒಂದು ಹಳೇ ಡ್ರಮ್ಮಿಗೆ ತೂತು ಮಾಡಿ ಅದರೊಳಗೆ ಹಾಕಿ ಎಂದು ಅವಳು ತಾತನ ಹೆಂಡತಿಗೆ ಹೇಳಿಕೊಟ್ಟಳು. ಆಕೆ ಹಾಗೆಯೇ ಮಾಡಿದರು. ಎಂಟು ದಿನಕ್ಕೆ ಡ್ರಮ್ಮು ನಾರತೊಡಗಿತು. ಒಂಬತ್ತನೆಯ ದಿನ ತಾತ ಗಾಡಿಯನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದರು.

“ನೋಡಮ್ಮ, ನಿನ್ನ ಗೊಬ್ಬರದ ಕಾರ್ಖಾನೆ. ಕೊಳೆತಿದ್ದು ಕೊಳೆತಿದ್ದೇ. ಅದ್ರಿಂದ ಯಾರಿಗೆ ಒಳ್ಳೇದಾಗಿದೆ?”

“ಇವರ ಮಾತಿಗೆ ಬೇಜಾರ್ ಮಾಡ್ಕೋಬೇಡ ಕಣೆ,” ಎಂದರು ಹೆಂಡತಿ. “ಇವರಿಗೆ ಫಿನಾಯಿಲೇ ಸೆಂಟು.”

ಗಾಡಿಯಕ್ಕ ಮುಚ್ಚಳ ತೆಗೆದು ಮೂಗು ಒಡ್ಡಿದಳು. ಒಳಗೆ ಒಣ ಎಲೆ ಒಂದೂ ಇರಲಿಲ್ಲ. ನಾತ ಹೊರಬರದಂತೆ ತೂತುಗಳಿಗೆ ಬಟ್ಟೆ ತುರುಕಿತ್ತು.

“ತಾತ, ಇದಕ್ಕೂ ಫಿನಾಯಿಲ್ ಹುಯ್ದ್ರಾ?”

“ಅರ್ಧ ಬಾಟ್ಲಿ. ಹುಳ ಬಿದ್ದಿತ್ತು.”

“ಆ ಹುಳಗಳೇ ಕೆಲಸದೋರು. ಕೆಲಸಕ್ಕೆ ಬಂದೋರನ್ನ ಕೊಂದು, ಕೆಲಸ ಆಗ್ಲಿಲ್ಲ ಅಂದ್ರೆ ಹೇಗೆ?”

ವಾರ್ಡಿನ ನೆಲ ಬೇರೆ, ಅಂಗಳದ ಮಣ್ಣು ಬೇರೆ ಎಂದು ಅವಳು ಬಿಡಿಸಿ ಹೇಳಿದಳು. ಒಂದು ಹಿಡಿ ಮಣ್ಣಿನಲ್ಲಿ ಎಣಿಕೆಗೆ ಸಿಗದಷ್ಟು ಜೀವಗಳಿರುತ್ತವೆ. ಉದುರಿದ ಎಲೆ ಅವುಗಳ ಊಟ. ಅವು ಉಂಡರೆ ಬೇರಿಗೂ ಊಟ. ತಾತ ದಿನವೂ ಎಲೆ ತೆಗೆದು, ಮೇಲೆ ಫಿನಾಯಿಲ್ ಹರಿಸಿದ್ದಾರೆ.

ತಾತ ಜಗಲಿಯ ಮೇಲೆ ಕುಳಿತುಬಿಟ್ಟರು. ಅದೇ ಗಿಡದ ಬುಡದಲ್ಲಿ ತಾಯಿ ಹೇಳುತ್ತಿದ್ದ ಕಥೆಯನ್ನು ಮೆಲ್ಲನೆ ಹೇಳತೊಡಗಿದರು. ಮಣ್ಣಿನ ಕೆಳಗೆ ಒಬ್ಬ ಅಜ್ಜಿ ಇದ್ದಾಳಂತೆ, ಸೂರ್ಯನಿಗಿಂತ ಹಿರಿಯಳು. ಬಿದ್ದದ್ದೆಲ್ಲ ಅವಳಿಗೇ ಸೇರಿದ್ದು. ಹಲ್ಲಿಲ್ಲ, ಆದ್ದರಿಂದ ನಿಧಾನವಾಗಿ ಮೆಲ್ಲುತ್ತಾಳೆ. ತಿಂದದ್ದನ್ನು ಇಟ್ಟುಕೊಳ್ಳುವವಳಲ್ಲ; ಹಸಿರು ಮಾಡಿ ಮೇಲಕ್ಕೆ ಕಳಿಸುತ್ತಾಳೆ. ಒಮ್ಮೆ ಒಬ್ಬ ರಾಜ, ತನ್ನ ನೆಲದ ಮೇಲೆ ತರಗೆಲೆ ಕಾಣಿಸಬಾರದೆಂದು ಅಪ್ಪಣೆ ಮಾಡಿದ. ಆ ವರ್ಷ ಅಜ್ಜಿ ಉಪವಾಸ. ಮರುವರ್ಷ ರಾಜ ಉಪವಾಸ.

“ಆ ರಾಜ ನಾನೇ ಏನೇ?” ಎಂದು ಹೆಂಡತಿಯನ್ನು ಕೇಳಿದರು.

“ರಾಜ ಅನ್ನೋದೊಂದು ಜಾಸ್ತಿ ಆಯ್ತು. ಉಳಿದದ್ದೆಲ್ಲ ಸರಿ.”

ಗಾಡಿಯಕ್ಕ ನಗಲಿಲ್ಲ. “ನಿಮ್ಮಮ್ಮ ನಮಗೆ ತರಬೇತಿ ಕೊಟ್ಟೋರಿಗಿಂತ ಚೆನ್ನಾಗಿ ಹೇಳಿದಾರೆ ತಾತ. ಹಲ್ಲಿಲ್ಲದೋಳಿಗೆ ಸಿಪ್ಪೆ ಸಣ್ಣಗೆ ಹೆಚ್ಚಿ ಹಾಕಿ. ಬರೀ ಹಸಿ ಸಿಪ್ಪೆ ತಿಂದ್ರೆ ಅವಳಿಗೂ ಹೊಟ್ಟೆ ಕೆಡುತ್ತೆ. ಒಂದು ಹಿಡಿ ಹಸಿಗೆ ಎರಡು ಹಿಡಿ ಒಣ ಎಲೆ, ಮೇಲೊಂದಿಷ್ಟು ಮಣ್ಣು. ಉಸಿರಾಡೋಕೆ ತೂತು ಬಿಡಿ. ಒಣಗಿದ್ರೆ ಗುಟುಕು ನೀರು. ವಾರಕ್ಕೊಂದ್ಸಲ ಮೇಲಿಂದು ಕೆಳಗೆ ತಿರುವಿ ಮಗ್ಗುಲು ಬದಲಾಯ್ಸಿ. ಪ್ಲಾಸ್ಟಿಕ್ ಮಾತ್ರ ಬೇಡ, ಅದು ಅವಳಿಗೂ ಅರಗಲ್ಲ.”

ಮಗ್ಗುಲು ಬದಲಾಯಿಸುವುದು ತಾತನಿಗೆ ಗೊತ್ತಿದ್ದ ವಿದ್ಯೆ. ವಾರ್ಡಿನಲ್ಲಿ ಏಳಲಾರದ ಎಷ್ಟೋ ರೋಗಿಗಳನ್ನು ಬೆನ್ನು ಹುಣ್ಣಾಗದಂತೆ ಹೊರಳಿಸಿದ ಕೈ ಅದು. ಡ್ರಮ್ಮನ್ನು ತೊಳೆದು ಹೊಸದಾಗಿ ಆರಂಭಿಸಿದರು. ಫಿನಾಯಿಲ್ ಬಾಟಲಿ ಬಚ್ಚಲಿನ ಗೂಡು ಸೇರಿತು. ಮೊದಮೊದಲು ನಂಬಿಕೆಯಿಲ್ಲದೆ ಗಳಿಗೆಗೊಮ್ಮೆ ಮುಚ್ಚಳ ತೆಗೆಯುತ್ತಿದ್ದರು. ಉಣ್ಣುವವರ ಬಾಯಿ ನೋಡಬಾರದು ಎಂದು ಹೆಂಡತಿ ಗದರಿದ ಮೇಲೆ ಬಿಟ್ಟರು.

ಮೂರು ತಿಂಗಳಾದ ಮೇಲೆ ಒಂದು ಬೆಳಗ್ಗೆ ಮುಚ್ಚಳ ತೆಗೆದರೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ. ತಾತ ಮೊಣಕೈವರೆಗೆ ಕೈ ಇಳಿಸಿದರು. ಸಿಪ್ಪೆಯಿಲ್ಲ, ಎಲೆಯಿಲ್ಲ, ಕಪ್ಪಗೆ, ಪುಡಿಪುಡಿಯಾಗಿ, ಹಗುರವಾದ ಮಣ್ಣು. ಹೋದದ್ದು ಯಾವುದೂ ಎಲ್ಲಿಗೂ ಹೋಗಿರಲಿಲ್ಲ. ಕಾಂಡದಿಂದ ಒಂದು ಗೇಣು ಬಿಟ್ಟು, ಗಿಡದ ಸುತ್ತ ಅದನ್ನು ಹರಡಿ, ಮೇಲೆ ತರಗೆಲೆ ಹೊದಿಸಿದರು.

ಬೇಸಿಗೆ ಬಂತು, ಹೋಯಿತು. ಗಿಡ ನಿಂತಿತು. ಕಾಯಿ ಇನ್ನೂ ಇಲ್ಲ. ಆದರೆ ಮುರಿದ ರೆಂಬೆಯ ಪಕ್ಕದಲ್ಲೇ ಉಗುರಿನಷ್ಟು ಎಳೆಯ ಚಿಗುರು. ತಾತ ನೋಡುತ್ತಿದ್ದಂತೆಯೇ ಹಳೆಯ ಎಲೆಯೊಂದು ಕಳಚಿ ಅಂಗಳಕ್ಕೆ ಬಿತ್ತು. ಕೈ ತಾನಾಗಿ ಪೊರಕೆಗೆ ಹೋಯಿತು. ಪೊರಕೆಯನ್ನು ಮತ್ತೆ ಗೋಡೆಗೆ ಒರಗಿಸಿ, ಬಗ್ಗಿ, ಎಲೆಯನ್ನೆತ್ತಿ ಬುಡಕ್ಕೆ ಇಟ್ಟರು.

“ತಗೋಮ್ಮ,” ಎಂದರು.

ಓದುವವರೇ, ಕೇಳುವವರೇ, ನಿಮ್ಮ ಅಂಗಳದಲ್ಲೂ ಆ ಅಜ್ಜಿ ಹಸಿದು ಕೂತಿದ್ದಾಳೆ. ಅಂಗಳವಿಲ್ಲದಿದ್ದರೆ ಮಹಡಿಯ ಮೇಲಿನ ಒಂದು ಕುಂಡವೂ ಅವಳಿಗೆ ಸಾಕು. ತರಗೆಲೆಗೆ ಬೆಂಕಿ ಇಡುವ ಮೊದಲು, ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯುವ ಮೊದಲು, ಒಂದು ಹಳೆಯ ಡಬ್ಬಿಗೆ ತೂತು ಕೊರೆಯಿರಿ. ಮೊದಲ ತುತ್ತು ಇವತ್ತೇ ಇಡಿ. ಅವಳು ನಿಧಾನಸ್ಥೆ, ಆದರೆ ಕೊಟ್ಟದ್ದನ್ನು ಮರೆಯುವವಳಲ್ಲ.