ಪೆಡಲಿಗೆ ಇಟ್ಟ ಕುಂಕುಮ

ನಾನು ಒಂದು ಹೊಲಿಗೆ ಯಂತ್ರ. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ; ದುಡಿದದ್ದು, ಬಡಾಯಿ ಕೊಚ್ಚಿಕೊಂಡದ್ದು ಎಲ್ಲ ಮದ್ದೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ. ಕಾಲರ್ ಹೊಲಿಯುವುದರಲ್ಲಿ ನನಗೆ ಸಮ ಯಾರೂ ಇಲ್ಲ ಎಂದು ಉಬ್ಬಿಹೋಗಿದ್ದೆ. ಎಷ್ಟೋ ಹೆಣ್ಣುಮಕ್ಕಳು ನನ್ನ ಮುಂದೆ ಕೂತರು. ಬೆನ್ನುನೋವೆಂದು ಕೆಲವರು, ಮದುವೆಯೆಂದು ಕೆಲವರು ಬಿಟ್ಟುಹೋದರು. ಜಯಶೀಲಾ ಮಾತ್ರ ಬಿಡಲಿಲ್ಲ. ನನ್ನ ಮೇಲಿನ ಪ್ರೀತಿ ಅಂದುಕೊಂಡೆ. ಎಂಥ ಜಂಬ ನನ್ನದು!

ಅವಳನ್ನು ಹಿಡಿದಿಟ್ಟದ್ದು ಒಂದು ಇಎಸ್‌ಐ ಕಾರ್ಡು, ಕಾರ್ಮಿಕರ ಆರೋಗ್ಯ ವಿಮೆಯದು. ಅವಳು ಕೆಲಸದಲ್ಲಿರುವವರೆಗೂ ಅವಳನ್ನೇ ನಂಬಿದ ತಾಯಿಗೂ ಆ ವಿಮೆಯಲ್ಲಿ ಚಿಕಿತ್ಸೆ. ತಾಯಿ ಚಿಕ್ಕತಾಯಮ್ಮನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರವಾರವೂ ಡಯಾಲಿಸಿಸ್ ಆಗಬೇಕು.

ಆಯುಧಪೂಜೆಯ ದಿನ ನಮ್ಮಲ್ಲಿ ಮನೆಯವರನ್ನೂ ಒಳಗೆ ಬಿಡುತ್ತಾರೆ. ಒಂದು ವರ್ಷ, ಜಯಶೀಲಾಳನ್ನು ಮದುವೆಗೆ ಒಪ್ಪಿದ್ದ ಗಂಡು ಮರಿಸ್ವಾಮಿ ಕೊಳ್ಳೇಗಾಲದಿಂದ ತನ್ನ ತಾಯಿಯೊಂದಿಗೆ ಬಂದ. ನನ್ನ ಪಕ್ಕದಲ್ಲೇ ಮಾತು ಶುರುವಾಯಿತು.

“ಮದ್ವೆ ಆದ್ಮೇಲೆ ಕೆಲ್ಸ ಬುಟ್ಟು ನಮ್ಮೂರ್ಗೆ ಬಂದ್ಬುಡವ್ವ,” ಅಂದರು ಆ ತಾಯಿ.

“ಕೆಲ್ಸ ಬುಟ್ರೆ ಕಾರ್ಡ್ ಹೋಯ್ತದೆ ಅತ್ತೆ. ಕಾರ್ಡ್ ಹೋದ್ರೆ ನಮ್ಮವ್ವ ಹೋಯ್ತಳೆ,” ಅಂದಳು ಜಯಶೀಲಾ.

ಮರಿಸ್ವಾಮಿ ತಲೆ ಕೆರೆದುಕೊಂಡ. “ನಂಗೂ ರೇಷ್ಮೆ ಮಿಲ್‌ನಲ್ಲಿ ಕಾರ್ಡ್ ಅದೆ. ವಿಚಾರ್ಸ್ದೆ. ಹೆಂಡ್ತಿ ಹೆಸ್ರು ಸೇರ್ಸ್ಬೋದಂತೆ, ಅತ್ತೆ ಹೆಸ್ರು ಆಗಾಕಿಲ್ವಂತೆ. ಅದ್ಕೇ, ನಾನೇ ಇಲ್ಗೆ ಬತ್ತೀನಿ.”

“ಮನೆ ಅಳಿಯನಾ! ಊರೋರು ನಗಾಕಿಲ್ವೇನ್ಲಾ?”

“ನಗ್ಲಿ ಬುಡವ್ವ. ನಕ್ರೆ ಅವ್ರ ಹಲ್ಲೇ ಕಾಣೋದು.”

ಅಬ್ಬಾ! ಆತ ಹೇಳಿದಂತೆಯೇ ಮದುವೆಯಾಗಿ ಬಂದ. ಇಲ್ಲೇ ಇಸ್ತ್ರಿ ವಿಭಾಗದಲ್ಲಿ ಆವಿಯ ಮಧ್ಯೆ ಬೆವರುತ್ತ ನಿಂತ.

ಮುಂದೆ ನನಗೆ ವಯಸ್ಸಾಯಿತು. ದಾರ ತುಂಡಾಗತೊಡಗಿತು. ಹಬ್ಬ ಮುಗಿದ ಮೇಲೆ ಗುಜರಿ ಕೋಣೆಗೆ ಹಾಕಿ ಎಂದರು ಮೇಲಿನವರು. ಆ ಕೊನೆಯ ಆಯುಧಪೂಜೆಗೆ ಚಿಕ್ಕತಾಯಮ್ಮ ಬಂದಳು, ಅಳಿಯನ ತೋಳು ಹಿಡಿದು, ಡಯಾಲಿಸಿಸ್ ಸೂಜಿ ಚುಚ್ಚಿದ ಅವಳ ಮೊಣಕೈ ಹತ್ತಿರ ಬಿಳಿ ಪಟ್ಟಿ. ಜಯಶೀಲಾ ನನ್ನ ಮೇಲೆ ಕಾರ್ಡನ್ನಿಟ್ಟು ಅದಕ್ಕೂ ಹೂವೇರಿಸಿದಳು. ತಾಯಿ ನೋಡುತ್ತ ನಿಂತವಳು ಕುಂಕುಮದ ಬಟ್ಟಲು ಎತ್ತಿಕೊಂಡು ನಿಧಾನವಾಗಿ ನೆಲಕ್ಕೆ ಕೂತಳು. ನನ್ನ ಪೆಡಲಿಗೆ ಕುಂಕುಮ ಇಟ್ಟಳು.

“ಅಯ್ಯೋ, ಅದು ಕಾಲಲ್ಲಿ ತುಳ್ಯೋ ಜಾಗ ಕನವ್ವ!” ಅಂದಳು ಜಯಶೀಲಾ.

“ನೀ ತುಳ್ದಿದ್ಕೇ ಕನವ್ವ ನಾನ್ ಉಸ್ರಾಡ್ತಿರದು.”

ಈಗ ಗುಜರಿ ಕೋಣೆಯಲ್ಲಿದ್ದೇನೆ. ಮೈಗೆಲ್ಲ ತುಕ್ಕು. ಪೆಡಲಿನ ಗೆರೆಗಳಲ್ಲಿ ಆ ಕೆಂಪು ಇನ್ನೂ ಉಳಿದಿದೆ. ಇಷ್ಟು ವರ್ಷ ಬರೀ ಕಾಲರ್ ಹೊಲಿಯುತ್ತಿದ್ದೇನೆ ಅಂದುಕೊಂಡಿದ್ದೆನಲ್ಲ!